ಚಪ್ಪಲಿ ಕಾಣದ ಬೇಲಿ

ಜೂನ್ ೯

ಹಸಿರು ಸಾಮ್ರಾಜ್ಯದ ಏಕಚ್ಛತ್ರಾಧಿಪತಿ, ಕತ್ತರಿ ಕುಲತಿಲಕ, ಎಲೆಗೊಬ್ಬರ ಪರಿಮಳಭೂಷಿತ, ಮೌನವ್ರತ ಚಕ್ರವರ್ತಿ, ಮನೆ ಬಿಟ್ಟು ಇಂದಿಗೆ ಎಪ್ಪತ್ತೊಂದು ದಿನಗಳನ್ನು ಯಶಸ್ವಿಯಾಗಿ ಪೂರೈಸಿರುವ ಶ್ರೀಮಾನ್ ಅಪ್ಪನವರ ಮಣ್ಣು ಮೆತ್ತಿದ ಪಾದಾರವಿಂದಗಳಿಗೆ ಅವರ ಏಕೈಕ ಪುತ್ರಿಯು ಹಲ್ಲು ಕಡಿಯುತ್ತಾ ಮಾಡಿಕೊಳ್ಳುವ ಬಿನ್ನಹಗಳು.

ಉಭಯ ಕುಶಲೋಪರಿ. ಅಂದರೆ ಇಲ್ಲಿ ಕುಶಲವಿಲ್ಲ. ಅಲ್ಲಿಯದನ್ನು ತಿಳಿಸುವ ಸೌಜನ್ಯ ತಮಗಿಲ್ಲ.

ನಿನ್ನೆ ಸಂಜೆ ಒಬ್ಬ ಲಾರಿ ಡ್ರೈವರ್ ನಮ್ಮ ಬಾಗಿಲಲ್ಲಿ ಮೂರು ಮರದ ಪೆಟ್ಟಿಗೆ ಇಳಿಸಿ, "ಮಾಲಿಯವರು ಕೊಟ್ಟಿದ್ದು" ಎಂದ. ಅಮ್ಮ ಹೊಲಿಗೆ ಮಿಷನ್ನಿನಿಂದ ಎದ್ದು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆಯುವುದನ್ನೂ ಮರೆತು ಓಡಿ ಬಂದಳು. ಮುಚ್ಚಳ ತೆಗೆದರೆ ಸಸಿ. ಗೇಣುದ್ದದ ನೂರ ಇಪ್ಪತ್ತು ಸಸಿ. ಜೊತೆಗೊಂದು ಚೀಟಿ: "ನೂರ ಇಪ್ಪತ್ತು. ನೆರಳು ತಡೆದುಕೊಳ್ಳುತ್ತದೆ. ಗೇಣಿಗೊಂದು." ಅಮ್ಮ ಚೀಟಿಯ ಹಿಂದೆ ನೋಡಿದಳು. ಪೆಟ್ಟಿಗೆಯ ಅಡಿ ನೋಡಿದಳು. ಆಮೇಲೆ ಸೂಜಿ ಬಾಯಿಂದ ತೆಗೆದು, "ಗಿಡ ಚೆನ್ನಾಗಿದೆ" ಎಂದು ಒಳಗೆ ಹೋದಳು. ಎಪ್ಪತ್ತು ದಿನ ಆದಮೇಲೆ ಹೆಂಡತಿಗೆ ಐದು ಪದ! ತಂತಿ ಕಚೇರಿಯವರೂ ಇಷ್ಟು ಜಿಪುಣರಿರಲಿಲ್ಲವಂತೆ.

ಫೋನ್ ಮಾಡಿದರೆ ತಾವು "ಹ್ಞೂ" ಎನ್ನುವುದು ಬಿಟ್ಟು ಬೇರೆ ಅಕ್ಷರ ಬಳಸುವುದಿಲ್ಲವಾದ್ದರಿಂದ, ಇನ್ನು ಮುಂದೆ ನಮ್ಮ ವ್ಯವಹಾರ ಲಿಖಿತದಲ್ಲೇ ನಡೆಯಲಿ. ದಾಖಲೆಗಾಗಿ, ನಡೆದದ್ದನ್ನು ನಮೂದಿಸುತ್ತಿದ್ದೇನೆ.

ಮಾರ್ಚ್ ೨೯ರ ಬೆಳಗ್ಗೆ, ಈ ಫ್ಲಾಟುಗಳ ಗೇಟಿನಿಂದ ನಮ್ಮ ಮನೆಯವರೆಗೆ ತಾವು ಹನ್ನೊಂದು ವರ್ಷ ಸಾಕಿ ಬೆಳೆಸಿದ ಎದೆಯೆತ್ತರದ ಬೇಲಿಯಲ್ಲಿ ಫ್ಲಾಟಿನವರ ಸಂಘದ ಸೆಕ್ರೆಟರಿಯ ಆಕಾರ ಎದ್ದು ನಿಂತಿತ್ತು. ಹೊಟ್ಟೆ ಮುಂದೆ, ತೋರುಬೆರಳು ಮೇಲೆ. ಅವರು ದಿನವೂ ಯಾರನ್ನಾದರೂ ಬೈಯುವಾಗ ನಿಲ್ಲುವ ಭಂಗಿ. ನಾಲ್ಕು ಮಹಡಿಯ ಜನವೂ ಬಾಲ್ಕನಿಗೆ ಬಂದು ನಕ್ಕರು. ಹಾಲಿನವನು ಆ ಬೆರಳಿಗೆ ತನ್ನ ಚೀಲ ನೇತುಹಾಕಿ ಪ್ಯಾಕೆಟ್ ಎಣಿಸಿದ. ಮಾರನೆಯ ದಿನದ ಸಭೆಯಲ್ಲಿ ಸೆಕ್ರೆಟರಿ, "ಕತ್ತರಿ ನಿಂದು, ಬೇಲಿ ನಿಂದು, ಇನ್ಯಾರು ಮಾಡ್ತಾರೆ? ಕ್ಷಮೆ ಕೇಳು, ಇಲ್ಲಾ ಕೆಲಸ ಬಿಡು" ಎಂದರು. ತಾವು ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ. ಕತ್ತರಿಯನ್ನು ಪಂಚೆಯ ಚುಂಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟು ಹೊರಟಿರಿ. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಕಡೆ ನೋಡಲೂ ಇಲ್ಲ.

ಆಮೇಲೆ ಆದದ್ದು ತಮಗೆ ಗೊತ್ತಿಲ್ಲ, ಕೇಳಿ. ಆ ಆಕಾರ ಅಳಿಸಲು ಇಡೀ ಬೇಲಿಯನ್ನು ಬುಡಕ್ಕೆ ಕಡಿಸಿದರು. ಕಟ್ಟಡದ ನೆರಳಲ್ಲಿ ಅದು ಮತ್ತೆ ಚಿಗುರಲಿಲ್ಲ. ಈಗ ಅಲ್ಲಿ ಗೋಡೆ ಕಟ್ಟುತ್ತಾರಂತೆ. ಗೋಡೆಗೆ ಮಾಲಿ ಬೇಡ. ಮಾಲಿ ಬೇಡವಾದರೆ ಮಾಲಿಯ ಎರಡು ಕೋಣೆಯ ಮನೆಯೂ ಬೇಡ. ಅದು ಪೈಪು, ಬಕೆಟ್ಟು ಇಡುವ ಜಾಗವಾಗುತ್ತದೆ. ಅಮ್ಮ ಹೋಗಿ ಕೈಮುಗಿದು ಒಂದು ವರ್ಷದ ಗಡುವು ತಂದಿದ್ದಾಳೆ. ಮುಂದಿನ ಜೂನ್ ಒಂದರೊಳಗೆ ಅಲ್ಲಿ ಒತ್ತಾದ ಬೇಲಿ ನಿಂತಿರಬೇಕು. ಅಲ್ಲಿಯವರೆಗೆ ಬದಲಿ ಮಾಲಿ ನಾನು. ಇಲ್ಲದಿದ್ದರೆ ನಾವು ಬೀದಿಗೆ.

ಇದೆಲ್ಲ ನಿನ್ನ ಒಂದು ಮಾತಿನಿಂದ ತಪ್ಪುತ್ತಿತ್ತು, ಅಪ್ಪ. ಒಂದೇ ಮಾತು. ನಿನ್ನ ಬಾಯಿಗೆ ಯಾರು ಬೀಗ ಹಾಕಿದ್ದರು?

ಪೆಟ್ಟಿಗೆಯ ಮೇಲೆ ಗಿಡದ ಹೆಸರೂ ಇದೆ. ಹೆಸರು ಗಿಡಕ್ಕಿಂತ ಉದ್ದ. ನಾನು ಕುಳ್ಳಿ ಎಂದು ಕರೆಯುತ್ತೇನೆ. ನೆಡುವುದು ಹೇಗೆ ಎಂದು ಮರುಟಪಾಲಿನಲ್ಲಿ ತಿಳಿಸುವುದು. ಬೇರೇನೂ ತಿಳಿಸಬೇಕಾಗಿಲ್ಲ.

ಇತಿ,
ತಮ್ಮ ಅವಿಧೇಯ ಪುತ್ರಿ ಹಾಗೂ ಪ್ರಭಾರ ಮಾಲಿ


ಜೂನ್ ೧೬

ಮಗಳಿಗೆ,

ಕಾಗದ ಬಂತು. ಮೊದಲ ನಾಲ್ಕು ಸಾಲು ಇಲ್ಲಿ ನರ್ಸರಿಯವರಿಗೆ ಓದಿ ಹೇಳಿದೆ. ನಕ್ಕರು. ಉಳಿದದ್ದು ಓದಲಿಲ್ಲ.

ಹಳೆ ಬೇರು ಪೂರ್ತಿ ಕಿತ್ತು ತೆಗೆ. ಒಂದು ಮೊಳ ಅಗಲಕ್ಕೆ ಮಣ್ಣು ಸಡಿಲ ಮಾಡು. ಕೆಳಗೆ ಕಲ್ಲು, ಗಾರೆ ಇರುತ್ತದೆ, ಆರಿಸು. ಎಲೆಗೊಬ್ಬರ ಬೆರೆಸು. ಸಸಿಯನ್ನು ಕುಂಡದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಇಡು, ಹೂಳಬೇಡ. ದಾರ ಕಟ್ಟಿ ಸಾಲು ಹಿಡಿ. ಗೇಣಿಗೊಂದು. ನೂರು ಬೇಕಾಗುತ್ತದೆ, ಇಪ್ಪತ್ತು ಹೆಚ್ಚಿಗೆ ಇದೆ. ಸಾಯುತ್ತವೆ.

ನೀರು ಕಡಿಮೆ. ನೆರಳಲ್ಲಿ ಮಣ್ಣು ಬೇಗ ಒಣಗುವುದಿಲ್ಲ. ಬೆರಳು ಎರಡು ಗೆಣ್ಣು ಒಳಗೆ ಹಾಕಿ ನೋಡು. ತೇವ ಇದ್ದರೆ ಸುಮ್ಮನೆ ಮನೆಗೆ ಹೋಗು.

ಅಮ್ಮನ ಸೊಂಟ ನೋವು ಹೇಗಿದೆ.

ಅಪ್ಪ


ಜುಲೈ ೪

ಎರಡು ಗೆಣ್ಣು ತತ್ತ್ವದ ಮಹಾಪ್ರವರ್ತಕರಿಗೆ,

ಅಮ್ಮನ ಸೊಂಟ ನೋಯುತ್ತಿದೆ. ಅದನ್ನು ಅವಳನ್ನೇ ಕೇಳಿದರೆ ನಾಲಿಗೆ ಸವೆಯುವುದಿಲ್ಲ.

ಎರಡು ವಾರ ಅಗೆದೆ. ಈ ಕಟ್ಟಡ ಕಟ್ಟಿದವರು ಮಿಕ್ಕಿದ್ದನ್ನೆಲ್ಲ ಅಲ್ಲೇ ಹೂತು ಮೇಲೆ ಎರಡು ಬೊಗಸೆ ಮಣ್ಣು ಚೆಲ್ಲಿ ಹೋಗಿದ್ದಾರೆ. ಸಿಕ್ಕಿದ್ದರ ಪಟ್ಟಿ: ಅರವತ್ತು ಬುಟ್ಟಿ ಇಟ್ಟಿಗೆ ಚೂರು, ಗಟ್ಟಿಯಾದ ಒಂದು ಮೂಟೆ ಸಿಮೆಂಟು, ಬಾಗಿಲ ಚಿಲಕ, ಗೊಂಬೆಯ ಒಂದು ಕಾಲು. ಹನ್ನೊಂದು ವರ್ಷ ನೀನು ಇದರ ಮೇಲೆ ಬೇಲಿ ಬೆಳೆಸಿದೆಯಾ? ಹೇಗೆ? ಇದನ್ನು ಮೆಚ್ಚುಗೆ ಎಂದು ತಿಳಿಯಬೇಡ. ಬರೀ ಪ್ರಶ್ನೆ.

ನನ್ನ ಅಂಗೈಯಲ್ಲಿ ಆರು ಗುಳ್ಳೆ. ಕೊನೆಯ ಸಸಿ ನೆಟ್ಟು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಸೆಕ್ರೆಟರಿ ಬಂದರು. ಬಗ್ಗಿ ನೋಡಿದರು. ಅಂದರೆ, ಹೊಟ್ಟೆ ಬಿಟ್ಟಷ್ಟು ಬಗ್ಗಿದರು.

"ಏನಮ್ಮ ಇದು, ಬೇಲಿನೋ ಕೊತ್ತಂಬರಿ ಕಟ್ಟೋ?"

"ಕುಳ್ಳು ಜಾತಿ ಸಾರ್. ಇಲ್ಲಿ ಬಿಸಿಲು ಬೀಳೋದೇ ಬೆಳಗ್ಗೆ ಅರ್ಧ ಗಂಟೆ. ನೆರಳಲ್ಲಿ ನಿಧಾನಕ್ಕೆ ಬರುತ್ತೆ."

"ಬರಲಿ, ಬರಲಿ. ಗೋಡೆಯವನು ಮಾತ್ರ ಎಂಟೇ ದಿನ ಅಂದಿದಾನೆ."

ಆಮೇಲೆ ಅವರಿಗೊಂದು ಮಹಾ ಆಲೋಚನೆ ಹೊಳೆಯಿತು. ಎಡಗಾಲಿನ ಚಪ್ಪಲಿ ಬಿಚ್ಚಿ ಸಸಿಗಳ ಆಚೆ ಇಟ್ಟು, ಈಚೆ ಬಂದು, ಬೆರಳು ಎತ್ತಿದರು. "ನೋಡು, ಕಾಣ್ತಿದೆ. ಮುಂದಿನ ಜೂನ್ ಒಂದಕ್ಕೆ ಇದೇ ಚಪ್ಪಲಿ ಆಚೆ ಇಟ್ಕೊಂಡು ಈ ತುದಿಯಿಂದ ಆ ತುದಿವರೆಗೂ ಬರ್ತೀನಿ. ಒಂದು ಕಡೆ ಕಂಡ್ರೂ ಗೋಡೆ. ಮಾತು ಅಂದ್ರೆ ಮಾತು."

ಅಷ್ಟು ಹೇಳಿ ಗಂಭೀರವಾಗಿ ಹೊರಟುಹೋದರು. ಒಂದೇ ಚಪ್ಪಲಿಯಲ್ಲಿ. ಲಿಫ್ಟಿನವರೆಗೆ ಹೋಗಿ ನೆನಪಾಗಿ, ಕುಂಟುತ್ತಾ ವಾಪಸು ಬಂದರು. ಅಷ್ಟರಲ್ಲಿ ನಾನು ಆ ಚಪ್ಪಲಿಯ ಮುಂದೆ "ಪ್ರದರ್ಶನ ವಸ್ತು, ಮುಟ್ಟಬಾರದು" ಎಂಬ ಫಲಕ ನೆಟ್ಟಿದ್ದೆ.

ನಗಬೇಡ. ನಿನ್ನನ್ನು ನಗಿಸಲು ಬರೆದದ್ದಲ್ಲ.

ಇತಿ,
ಗುಳ್ಳೆಗಳ ಒಡತಿ


ಆಗಸ್ಟ್ ೧೯

ಸಸಿ ಕಳುಹಿಸುವ ನೆಪದಲ್ಲಿ ಹೆಣ ಕಳುಹಿಸಿದ ಮಹಾನುಭಾವರಿಗೆ,

ಹದಿನಾಲ್ಕು ಸತ್ತವು. ಇನ್ನೂ ಒಂಬತ್ತು ಸಾಯುತ್ತಿವೆ. ಎಲೆ ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ಮುಟ್ಟಿದರೆ ಉದುರುತ್ತದೆ. ಕಿತ್ತು ನೋಡಿದರೆ ಬೇರು ಕಪ್ಪಗೆ, ಕೊಳೆತ ವಾಸನೆ. ನೋಟಿಸ್ ಬೋರ್ಡಿನಲ್ಲಿ ಕಪ್ಪು ಅಂಚಿನ ಶ್ರದ್ಧಾಂಜಲಿ ಹಾಕಿದ್ದೇನೆ: "ಎಳೆಯ ವಯಸ್ಸಿನಲ್ಲೇ ನಮ್ಮನ್ನಗಲಿದ ಹದಿನಾಲ್ಕು ಕುಳ್ಳಿಯರು. ದುಃಖತಪ್ತರು: ಉಳಿದ ಎಂಬತ್ತಾರು. ಸಾವಿಗೆ ಕಾರಣ: ಹೆಸರು ಹೇಳಲಿಚ್ಛಿಸದ ಒಂದು ಸ್ಕೂಟರ್." ಸೆಕ್ರೆಟರಿ ಅದನ್ನು ಹರಿದು ಹಾಕಿದರು. ಆದರೆ ಸಸಿಗಳಿಗೆ ತಾಗಿಸಿ ನಿಲ್ಲಿಸುತ್ತಿದ್ದ ತಮ್ಮ ಸ್ಕೂಟರನ್ನು ಬೇರೆ ಕಡೆ ನಿಲ್ಲಿಸಲು ಶುರು ಮಾಡಿದ್ದಾರೆ.

ಜೋಕು ಬಿಡು. ನೀನು ಒಳ್ಳೆಯ ಸಸಿಗಳನ್ನು ನಿಮ್ಮ ನರ್ಸರಿ ಮಾಲೀಕನಿಗೆ ಇಟ್ಟು, ತಿರಸ್ಕಾರ ಆದವನ್ನು ನಮಗೆ ತಳ್ಳಿದ್ದೀಯ ಅಲ್ಲವಾ? ನಾನು ಏನು ಕಡಿಮೆ ಮಾಡಿದೆ? ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ತಪ್ಪದೆ ನೀರು ಹಾಕಿದ್ದೇನೆ. ಬೆರಳು ತೂರಿಸುತ್ತಾ ಕೂರಲು ನನಗೆ ಪುರುಸೊತ್ತಿಲ್ಲ; ಇದು ನಮ್ಮ ಮನೆಯ ಪ್ರಶ್ನೆ. ಪಕ್ಕದ ಮನೆಯ ಗಿಡ ಬಾಡಿದರೂ ಓಡಿ ಹೋಗುತ್ತಿದ್ದೆ ನೀನು. ನಿನ್ನ ಮನೆಯದು ಕೊಳೆಯುತ್ತಿದೆ, ಅಲ್ಲಿ ಕುಂಡ ತುಂಬಿಸುತ್ತಾ ಕೂತಿದ್ದೀಯ.

ನಾಚಿಕೆಯಾಗಬೇಕು.

ಮಗಳು


ಆಗಸ್ಟ್ ೨೪

ಮಗಳಿಗೆ,

ದಿನಕ್ಕೆ ಎರಡು ಸಲ ನೀರು ಹಾಕಿ ನನಗೆ ನಾಚಿಕೆಯಾಗಬೇಕು ಎನ್ನುತ್ತೀಯ. ಸ್ಕೂಟರ್ ಅಲ್ಲ, ಸಸಿಯೂ ಅಲ್ಲ. ನೀನು ಮುಳುಗಿಸಿ ಕೊಂದಿದ್ದೀಯ. ಒಂದೊಂದು ಕಡ್ಡಿಯೂ ನಾನೇ ಕತ್ತರಿಸಿ ನೆಟ್ಟು ಬೇರು ಬರಿಸಿದ್ದು. ಎರಡು ಗೆಣ್ಣು ಎಂದು ಬರೆದಿದ್ದೆ. ಓದಿ ನಗಾಡಿದೆ. ಅದಕ್ಕೆ ಒಂದು ಬಿರುದು ಕಟ್ಟಿದೆ.

ಗಿಡ ಸಾಯುವುದು ನಿನ್ನ ಸಿಟ್ಟು ನೋಡಿ ಅಲ್ಲ. ನನ್ನ ಮೇಲಿನ ಸಿಟ್ಟನ್ನು ನೀರಿನ ಕ್ಯಾನಿನಲ್ಲಿ ತುಂಬಿ ಅದರ ಬುಡಕ್ಕೆ ಹೊಯ್ಯಬೇಡ. ಬೈಯುವುದಿದ್ದರೆ ನನಗೆ ಬೈ. ಕಾಗದ ಎಷ್ಟು ಬೇಕಾದರೂ ಬರೆ. ನೀರು ನಿಲ್ಲಿಸು. ಹತ್ತು ದಿನ ಆ ಕಡೆ ಹೋಗಬೇಡ.

ಸತ್ತ ಜಾಗದಲ್ಲಿ ಮಣ್ಣು ಬದಲಿಸಿ, ಉಳಿದ ಇಪ್ಪತ್ತರಲ್ಲಿ ಹಾಕು. ಇನ್ನೂ ಹತ್ತು ಕಳಿಸುತ್ತೇನೆ. ಅದೇ ಲಾರಿಯವನು.

ಅಪ್ಪ


ನವೆಂಬರ್ ೧೧

ಸರ್ವಜ್ಞ ಶಿಖಾಮಣಿಗಳ ದಿವ್ಯ ಅವಗಾಹನೆಗೆ,

ಎರಡೂವರೆ ತಿಂಗಳು ಬರೆಯಲಿಲ್ಲ. ಕಾರಣ, ಹೇಳಲು ಇಷ್ಟವಿಲ್ಲ. ಹತ್ತು ದಿನ ಆ ಕಡೆ ಹೋಗದೆ ಇರುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾ? ಕಿಟಕಿಯಿಂದ ನೋಡುತ್ತಾ ಕೂತಿದ್ದೆ. ಅಮ್ಮ, "ಅದೇನು ಆಸ್ಪತ್ರೆಲಿ ಮಲಗಿಸಿದೀಯಾ?" ಎಂದು ಕೇಳಿದಳು. ಒಂಬತ್ತರಲ್ಲಿ ಆರು ಬದುಕಿದವು. ಇದನ್ನು ವರದಿ ಎಂದು ತಿಳಿಯುವುದು, ಧನ್ಯವಾದ ಎಂದಲ್ಲ.

ಈಗ ಮುಖ್ಯ ವಿಷಯ. ನಿನ್ನ "ನಿಧಾನ" ಎಂಬ ಸಿದ್ಧಾಂತವನ್ನು ನಾನು ಸೋಲಿಸಿದ್ದೇನೆ. ಪೇಟೆಯಿಂದ ಒಂದು ಚೀಲ ರಸಗೊಬ್ಬರ ತಂದು ಹದಿನೈದು ದಿನಕ್ಕೊಮ್ಮೆ ಹಾಕಿದೆ. ಕುಳ್ಳಿಯರು ಈಗ ಮೊಣಕಾಲೆತ್ತರ! ತಿಳಿಹಸಿರು ಚಿಗುರು, ಗಾಳಿಗೆ ತೂಗಾಡುತ್ತವೆ. ಸೆಕ್ರೆಟರಿ ದಿನಾ ಬಂದು ನೋಡಿ ಮುಖ ಹುಳ್ಳಗೆ ಮಾಡಿಕೊಂಡು ಹೋಗುತ್ತಾರೆ. ಫೋಟೊ ಲಗತ್ತಿಸಿದೆ. ಜೂನ್ ಯಾಕೆ, ಜನವರಿಗೇ ಚಪ್ಪಲಿ ತರಲಿ.

ನೀನಿಲ್ಲದೆಯೂ ಇಲ್ಲಿ ಎಲ್ಲ ನಡೆಯುತ್ತದೆ ಎಂದು ತಿಳಿಸಲು ಸಂತೋಷಪಡುವ,
ವಿಜಯಶಾಲಿ


ನವೆಂಬರ್ ೧೭

ಮಗಳಿಗೆ,

ಫೋಟೊ ನೋಡಿದೆ. ಎತ್ತರ ಇದೆ, ಬೇಲಿ ಇಲ್ಲ. ಬುಡ ಬೋಳು. ಚಪ್ಪಲಿ ಇರುವುದು ನೆಲದ ಮೇಲೆ.

ನೆರಳಲ್ಲಿ ಗೊಬ್ಬರ ಕೊಟ್ಟರೆ ಗಿಡ ಬೆಳಕು ಹುಡುಕಿಕೊಂಡು ಓಡುತ್ತದೆ. ಮೈ ಕಟ್ಟುವುದಿಲ್ಲ. ಗಾಳಿಗೆ ತೂಗಾಡುವುದು ಗಟ್ಟಿ ಗಿಡವಲ್ಲ.

ಅರ್ಧಕ್ಕೆ ಕತ್ತರಿಸು. ಎಲ್ಲವನ್ನೂ. ಒಣ ದಿನ ನೋಡಿ ಮಾಡು. ಪ್ರತಿ ಹತ್ತು ಗಿಡಕ್ಕೊಮ್ಮೆ ಕತ್ತರಿ ಒರೆಸು. ಗೊಬ್ಬರದ ಚೀಲ ಯಾರಿಗಾದರೂ ಕೊಟ್ಟುಬಿಡು. ಆಮೇಲೆ ಚಿಗುರು ಮೂರು ಬೆರಳು ಬಂದಾಗಲೆಲ್ಲ ತುದಿ ಚಿವುಟು. ಒಂದು ಚಿವುಟಿದರೆ ಎರಡು ಒಡೆಯುತ್ತದೆ.

ನೀನಿಲ್ಲದೆಯೂ ನಡೆಯುತ್ತದೆ ಎಂದು ಬರೆದಿದ್ದೀಯ. ಒಳ್ಳೆಯದು.

ಅಪ್ಪ


ನವೆಂಬರ್ ೨೨

ಕಟುಕರಿಗೆ,

ಕತ್ತರಿಸಿದೆ. ನೂರನ್ನೂ. ನೀನು ಅಲ್ಲಿಂದ ಒಂದು ಸಾಲು ಬರೆದೆ, ನಾನು ಇಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನನ್ನ ಕೈಯಾರೆ ಬೆಳೆಸಿದ್ದನ್ನು ನನ್ನ ಕೈಯಾರೆ ಕತ್ತರಿಸಿದೆ. ಸೆಕ್ರೆಟರಿ ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ನೋಡಿದರು. "ಏನಮ್ಮ, ಸೋಲೊಪ್ಕೊಂಡ್ಯಾ?" ಎಂದು ಮೇಲಿನಿಂದ ಕೂಗಿದರು. ಉತ್ತರ ಕೊಡಲು ಬಾಯಿ ಬರಲಿಲ್ಲ. ನಾನು ಬಾಯಿ ಬರದೆ ನಿಂತದ್ದು ನನ್ನ ಜನ್ಮದಲ್ಲಿ ಎರಡನೇ ಸಲ.

ಒಳಗೆ ಬಂದು ಅಮ್ಮನ ಮುಂದೆ ನಿನ್ನನ್ನು ಒಂದು ಗಂಟೆ ಬೈದೆ. ಅವನಿಗೆ ಸೇಡು, ಅವನು ಬೇಕೆಂದೇ ಹಾಳು ಮಾಡಿಸುತ್ತಿದ್ದಾನೆ, ಅವನಿಗೆ ನಾವು ಬೇಡ, ಎಂದೆಲ್ಲ. ಅವಳು ರವಿಕೆಯ ತೋಳಿಗೆ ಹೊಲಿಗೆ ಹಾಕುತ್ತಾ ಪೂರ್ತಿ ಕೇಳಿಸಿಕೊಂಡು, "ಎದುರಿಗಿಲ್ಲದೋರ ಮೇಲೆ ಕೂಗಾಡೋದು ಸಲೀಸು ನೋಡು" ಎಂದಳು. ಅವಳು ಯಾವ ಕಡೆಯವಳೋ ಗೊತ್ತಾಗುವುದಿಲ್ಲ.

ನೀನು "ಒಳ್ಳೆಯದು" ಎಂದು ಬರೆದೆಯಲ್ಲ. ಒಳ್ಳೆಯದಾ? ಹಾಗಾದರೆ ಇನ್ನು ಬರೆಯುವುದಿಲ್ಲ.

ಸಹಿ ಇಲ್ಲ


ಫೆಬ್ರುವರಿ ೩

ಅಪ್ಪನಿಗೆ,

ಬರೆಯುವುದಿಲ್ಲ ಎಂದಿದ್ದೆ. ಇದು ಪತ್ರವಲ್ಲ, ಪ್ರಕಟಣೆ.

ಚಿವುಟಿದ ಕಡೆಯಲ್ಲೆಲ್ಲ ಎರಡೆರಡು ಒಡೆದಿವೆ. ಮತ್ತೆ ಚಿವುಟಿದೆ, ನಾಲ್ಕಾದವು. ಉಗುರು ಹಸಿರಾಗಿದೆ, ತೊಳೆದರೂ ಹೋಗುವುದಿಲ್ಲ. ಬುಡದಿಂದಲೇ ಎಲೆ ಬಂದು ಪಕ್ಕದ್ದಕ್ಕೆ ತಾಕುತ್ತಿದೆ. ಎತ್ತರ ಗೇಣಿನ ಮೇಲೆ ಚೂರೇ ಚೂರು, ಆದರೆ ಕೈ ಹಾಕಿದರೆ ಕೈ ಹೋಗುವುದಿಲ್ಲ. ನಾಯಿಯೊಂದು ನುಗ್ಗಲು ನೋಡಿ ಮೂಗು ಒರೆಸಿಕೊಂಡು ವಾಪಸು ಹೋಯಿತು. ಮೊನ್ನೆ ಮೇಲ್ಭಾಗ ಸಮ ಮಾಡಿದೆ. ಫೋಟೊ ಇದೆ. ಕೊಂಕು ಇದ್ದರೆ ಹೇಳು, ಇರದೇ ಇರುತ್ತದಾ.

ಸೇಡು ಎಂದು ಬರೆದಿದ್ದೆನಲ್ಲ. ಅದನ್ನು ಹೊಡೆದು ಹಾಕಿಕೊಂಡು ಓದು. ಉಳಿದದ್ದು ಹಾಗೇ ಇರಲಿ.

ಪ್ರಭಾರ ಮಾಲಿ


ಫೆಬ್ರುವರಿ ೯

ಮಗಳಿಗೆ,

ಚೆನ್ನಾಗಿದೆ.

ಬುಡ ಅಗಲ, ಮೇಲೆ ಸಪೂರ ಇರಲಿ. ಮೇಲೆ ಅಗಲ ಮಾಡಿದರೆ ಕೆಳಗಿನ ಎಲೆಗೆ ಇರುವ ಚೂರು ಬೆಳಕೂ ಸಿಗುವುದಿಲ್ಲ.

ಕತ್ತರಿಸುವಾಗ ನಿನ್ನ ಕೈ ಬಲಕ್ಕೆ ವಾಲುತ್ತದೆ. ಮೊದಲಿನಿಂದಲೂ. ದಾರ ಕಟ್ಟಿಕೊಂಡು ಕತ್ತರಿಸು.

ಫೋಟೊವನ್ನು ಇಲ್ಲಿ ಗೋಡೆಗೆ ಅಂಟಿಸಿದ್ದೇನೆ.

ಅಪ್ಪ


ಫೆಬ್ರುವರಿ ೧೪

ಅಪ್ಪ,

ಮೊದಲಿನಿಂದಲೂ ಎಂದರೆ ಯಾವಾಗಿನಿಂದ? ನೀನು ಇರುವವರೆಗೆ ನನ್ನನ್ನು ಕತ್ತರಿ ಮುಟ್ಟಲು ಬಿಟ್ಟವನೇ ಅಲ್ಲ. "ಬೆರಳು ಹೋಗುತ್ತೆ, ಹತ್ರ ಬರಬೇಡ" ಎನ್ನುತ್ತಿದ್ದೆ. ನನ್ನ ಕೈ ಎಲ್ಲಿಗೆ ವಾಲುತ್ತದೆ ಎಂದು ನಿನಗೆ ಹೇಗೆ ಗೊತ್ತು?

ಉತ್ತರ ಕೊಡುವುದು.

ಮಗಳು


ಜೂನ್ ೨

ಮೌನವ್ರತ ಚಕ್ರವರ್ತಿಗಳಿಗೆ,

ಫೆಬ್ರುವರಿಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನೂರು ದಿನದ ಮೇಲಾಯಿತು, ಉತ್ತರವಿಲ್ಲ. ಮಧ್ಯೆ ಅಮ್ಮನಿಗೆ ಮಾತ್ರ ಸೊಂಟಕ್ಕೆ ಹಚ್ಚುವ ಎಣ್ಣೆ ಬಂತು. ನಾನೂ ಕೇಳುವುದು ಬಿಟ್ಟಿದ್ದೇನೆ.

ನಿನ್ನೆ ಪರೀಕ್ಷೆ ನಡೆಯಿತು. ಬೆಳಗ್ಗೆ ಹತ್ತಕ್ಕೆ ಸೆಕ್ರೆಟರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾವಲುಗಾರನ ಕೈಗೆ ಎಡಗಾಲಿನ ಚಪ್ಪಲಿ ಕೊಟ್ಟು ಬೇಲಿಯ ಆಚೆ ಕಳಿಸಿದರು. ಅವನು ಅದನ್ನು ನೆಲದ ಮೇಲೆ ಒಂದೊಂದೇ ಹೆಜ್ಜೆ ಸರಿಸುತ್ತಾ ಬಂದ. ಈಚೆ ಇವರು ಒಂದೇ ಚಪ್ಪಲಿಯಲ್ಲಿ ಬಗ್ಗುತ್ತಾ, ಏಳುತ್ತಾ ಬಂದರು. ಬಾಲ್ಕನಿಗಳೆಲ್ಲ ತುಂಬಿದ್ದವು. ಅಮ್ಮ ಹೊರಗೆ ಬರಲಿಲ್ಲ. ಮಿಷನ್ ತುಳಿಯುತ್ತಲೇ ಇದ್ದಳು, ಬಟ್ಟೆ ಹಾಕದೆ ಬರೀ ಮಿಷನ್.

"ಈಗೆಲ್ಲಿದೆ?"

"ಇಲ್ಲೇ ಸಾರ್, ನಿಮ್ಮೆದುರಿಗೇ."

"ಸುಳ್ಳು. ಎತ್ತು."

ಎತ್ತಿ ತೋರಿಸಿದ. ಅವರ ಮೂಗಿನ ಮುಂದೆಯೇ ಇತ್ತು.

ಎಪ್ಪತ್ತೈದು ಅಡಿ, ಅಪ್ಪ. ಒಂದು ಅಡಿ ಎತ್ತರ. ಎಲ್ಲೂ ಕಾಣಲಿಲ್ಲ. ಮೂರನೆಯ ಮಹಡಿಯಿಂದ ಯಾರೋ ಶಿಳ್ಳೆ ಹೊಡೆದರು. ನಾನು ಅಳಲಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡ.

ಸೆಕ್ರೆಟರಿ ಬೆವರು ಒರೆಸಿಕೊಂಡು, "ಸರಿ. ಗೋಡೆ ಬೇಡ. ಮಾತು ಅಂದ್ರೆ ಮಾತು" ಎಂದರು. ಮನೆ ಉಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಬೆರಳು ಎದ್ದಿತು. "ಆದ್ರೆ ಮನೆ ಇರೋದು ಮಾಲಿಗೆ. ಬದಲಿಗಲ್ಲ. ನಿಮ್ಮಪ್ಪ ವಾಪಸು ಬರಲಿ, ಬೇಡ ಅನ್ನಲ್ಲ. ಬರೋಕೆ ಮುಂಚೆ ಕ್ಷಮಾಪಣೆ ಬರೆದು, ಸಹಿ ಹಾಕಿ, ಬೋರ್ಡಿಗೆ ಹಾಕಬೇಕು. ಈ ತಿಂಗಳು ಹದಿನೈದರ ಒಳಗೆ. ಒಂದು ವರ್ಷ ಜನ ನನ್ನ ನೋಡಿ ನಕ್ಕಿದಾರೆ, ಗೊತ್ತಾ ನಿಂಗೆ?"

ಕೊನೆಯ ಮಾತು ಹೇಳುವಾಗ ಅವರ ದನಿ ಬೇರೆ ಥರ ಇತ್ತು. ಅದು ನನಗೆ ಇಷ್ಟವಾಗಲಿಲ್ಲ.

ನೀನು ಬರೆಯುವವನಲ್ಲ, ನನಗೆ ಗೊತ್ತು. ಸುಮ್ಮನೆ ವಿಷಯ ತಿಳಿಸಿದೆ. ಬರೆಯಬೇಡ. ನಾನು ಬೇರೆ ಏನಾದರೂ ದಾರಿ ಹುಡುಕುತ್ತೇನೆ.

ಮಗಳು


ಜೂನ್ ೬

ಮಗಳಿಗೆ,

ಎಪ್ಪತ್ತೈದು ಅಡಿ ಎಂದು ಓದಿ ಎರಡು ಸಲ ಎದ್ದು ಓಡಾಡಿದೆ. ಇಲ್ಲಿಯವರು ಏನಾಯಿತು ಎಂದರು. ಬೇಲಿ ಎಂದೆ.

ಕ್ಷಮಾಪಣೆ ಬರೆದಿದ್ದೇನೆ. ಆಗಲೇ ಬರೆಯಬಹುದಿತ್ತು. ಆಗ ಬರೆದಿದ್ದರೆ ಯಾಕೆ ಮಾಡಿದೆ, ಹೇಗೆ ಮಾಡಿದೆ ಎಂದು ನಾಲ್ಕು ಜನ ಕೂರಿಸಿಕೊಂಡು ಕೇಳುತ್ತಿದ್ದರು. ನನಗೆ ಕಟ್ಟಿ ಹೇಳಲು ಬರುವುದಿಲ್ಲ, ಬಾಯಿ ತಪ್ಪಿ ಏನಾದರೂ ಬಂದುಬಿಡುತ್ತಿತ್ತು. ಅದಕ್ಕೆ ಹೊರಟೆ. ಈಗ ವರ್ಷ ಆಯಿತು. ಯಾರೂ ಕೇಳುವುದಿಲ್ಲ. ಬೋರ್ಡಿಗೆ ಹಾಕಿದರೆ ಮುಗಿಯಿತು.

ಕಾಗದ ಇದರೊಳಗೆ ಇದೆ. ನನಗೆ ಇಂಥದ್ದು ಬರೆದು ಅಭ್ಯಾಸವಿಲ್ಲ. ನಿನಗೆ ಬರವಣಿಗೆ ಬರುತ್ತದೆ. ತಪ್ಪಿದ್ದರೆ ತಿದ್ದಿ ಇಡು. ಹದಿನಾಲ್ಕಕ್ಕೆ ಬರುತ್ತೇನೆ.

ಅಮ್ಮನಿಗೆ ಹೇಳು.

ಅಪ್ಪ

(ಒಳಗಿನ ಕಾಗದ)

ಮಾನ್ಯ ಸೆಕ್ರೆಟರಿಯವರಿಗೆ. ಕಳೆದ ವರ್ಷ ಮಾರ್ಚ್ ೨೮ರಂದು ಬೇಲಿಯಲ್ಲಿ ಒಂದು ಆಕಾರ ಕತ್ತರಿಸಿದ್ದು ನನ್ನ ಕೈಯಿಂದ ಆದ ತಪ್ಪು. ಯಾರನ್ನೂ ಹೋಲಬೇಕೆಂಬ ಉದ್ದೇಶ ಇರಲಿಲ್ಲ. ತಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು. ಮಾಲಿ.


ಜೂನ್ ೯

ಅಪ್ಪ,

ಇವತ್ತು ಬಿರುದು ಹುಡುಕಲು ಪುರುಸೊತ್ತಿಲ್ಲ.

ಇಂಥ ಕಾಗದ ಬರೆಯಲು ನಿನಗೆ ಯಾರು ಹೇಳಿದರು? ಬರೆಯಬೇಡ ಎಂದು ಸ್ಪಷ್ಟವಾಗಿ ಬರೆದಿರಲಿಲ್ಲವಾ? ಒಂದು ವರ್ಷ ನಾನು ನಿನ್ನನ್ನು ಕಟುಕ ಎಂದೆ, ನಾಚಿಕೆಗೆಟ್ಟವನು ಎಂದೆ, ಹೆಣ ಕಳಿಸಿದವನು ಎಂದೆ. ನೀನು ಒಂದೇ ಸಲ ತಿರುಗಿ ಬೈದೆ, ಅದೂ ಗಿಡದ ಪರವಾಗಿ. ಉಳಿದ ದಿನವೆಲ್ಲ ಬೆರಳು ಎಷ್ಟು ಆಳಕ್ಕೆ ಹಾಕಬೇಕು, ಎಷ್ಟು ಚಿವುಟಬೇಕು. ಬಾಯಿ ಇಲ್ಲವಾ ನಿನಗೆ? ಆ ಸಭೆಯಲ್ಲಿ ಒಂದು ಸಲ ನನ್ನ ಕಡೆ ತಿರುಗಿದ್ದರೆ ಏನು ಹೋಗುತ್ತಿತ್ತು? ತಿರುಗದೆ ಹೋದೆಯಲ್ಲ, ಅದಕ್ಕೇ ನನಗೆ ಸಿಟ್ಟು. ಈಗಲೂ ಇದೆ.

ತಿದ್ದು ಎಂದೆ. ತಿದ್ದಿದ್ದೇನೆ. ಮೂರು ತಪ್ಪು ಇದ್ದವು.

ಒಂದು, ತಾರೀಖು. ಮಾರ್ಚ್ ೨೮ ಅಲ್ಲ, ೨೯. ಬೆಳಗ್ಗೆ ಐದೂವರೆ.

ಎರಡು, ಯಾರನ್ನೂ ಹೋಲಬೇಕೆಂಬ ಉದ್ದೇಶ ಇರಲಿಲ್ಲ ಎಂದು ಬರೆದಿದ್ದೀಯ. ಇತ್ತು. ಆ ಆಕಾರ ಬಲಕ್ಕೆ ವಾಲಿದ್ದನ್ನು ನೋಡಿಯೇ ನಿನಗೆ ಗೊತ್ತಾಗಿರಬೇಕು.

ಮೂರು, ಕೆಳಗಿನ ಸಹಿ. ನಿನ್ನದನ್ನು ಹೊಡೆದು ಹಾಕಿ ನನ್ನದು ಹಾಕಿದ್ದೇನೆ. ಬೆಳಗ್ಗೆ ಅಮ್ಮನಿಗೆ ಓದಿ ಹೇಳಿದೆ. ಅವಳು ಮಿಷನ್ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಮನೆ ಹೋದ್ರೆ ಇನ್ನೊಂದು ಮನೆ. ಹೋಗು, ಅಂಟಿಸಿ ಬಾ" ಎಂದು ಗುಂಡುಸೂಜಿಯ ಡಬ್ಬಿಯನ್ನೇ ಕೈಗೆ ಕೊಟ್ಟಳು. ಬೋರ್ಡಿಗೆ ಚುಚ್ಚಿ ಬಂದಿದ್ದೇನೆ. ಇದನ್ನು ಬರೆಯುತ್ತಿರುವಾಗ ಸೆಕ್ರೆಟರಿ ಅದರ ಮುಂದೆ ನಿಂತಿದ್ದಾರೆ, ಕಿಟಕಿಯಿಂದ ಬೆನ್ನು ಕಾಣುತ್ತಿದೆ. ಓದಲು ಇಷ್ಟು ಹೊತ್ತು ಬೇಡ. ಇನ್ನೂ ತಿರುಗಿಲ್ಲ. ಅವರು ತಿರುಗಿದ ಮೇಲೆ ನಾನೇ ಹೊರಗೆ ಹೋಗುತ್ತೇನೆ.

ನೀನು ಹದಿನಾಲ್ಕಕ್ಕೆ ಬಾ. ಈ ಮನೆ ಇದ್ದರೆ ಇಲ್ಲಿಗೆ, ಇಲ್ಲದಿದ್ದರೆ ಗೇಟಿನ ಹತ್ತಿರ ನಿಂತಿರುತ್ತೇವೆ.

ನೀನು ಒಂದೇ ಒಂದು ಸಲ ಕೇಳಿದ್ದರೆ ಆವತ್ತೇ ಹೇಳಿಬಿಡುತ್ತಿದ್ದೆ ಎಂದು ಒಂದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಅಪ್ಪ. ಹೇಳುತ್ತಿರಲಿಲ್ಲ.

ಮಗಳು